ಅರ್ಕಾವತಿ ಜಾಡಲ್ಲಿ ಹುಲಿ ಸೊಳ್ಳೆ: ಬೊಂಬಿನ ತುಂಡು ಕಟ್ಟಿಕೊಂಡು ಬೆಟ್ಟ ಹತ್ತಿದ್ದು

"ಇದು ಹೈಸ್ಕೂಲ್ ಪ್ರಾಜೆಕ್ಟ್ ಅಲ್ವಾ ಮೇಡಂ?" ಅಂತ, ಬೊಂಬಿನ ತುಂಡು ಕಟ್ಟಿ ಸೊಳ್ಳೆ ಮೊಟ್ಟೆ ಎಣಿಸುವ ನನ್ನ ಕೆಲಸದ ಬಗ್ಗೆ ನಮ್ಮ ಕ್ಷೇತ್ರದ ಹಿರಿಯರೊಬ್ಬರು ನಾಲ್ಕು ಜನರ ಎದುರಿಗೇ ಕೇಳಿದ್ದರು. ಹೋದ ತಿಂಗಳು ಅವರೇ ಫೋನ್ ಮಾಡಿ, "ಆ ಬೊಂಬಿಗೆ ತೂತು ಎಷ್ಟು ಎತ್ತರಕ್ಕೆ ಕೊರೀತೀರಿ?" ಅಂದರು. ಹೇಳಿದೆ. ಆದರೆ ಎಲ್ಲವನ್ನೂ ಹೇಳಲಿಲ್ಲ. ಇಲ್ಲಿಯೂ ಎಲ್ಲವನ್ನೂ ಹೇಳುವುದಿಲ್ಲ, ಮೊದಲೇ ತಿಳಿಸಿಬಿಡುತ್ತೇನೆ.

ನಾನು ಯಲಹಂಕದವಳು. ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ಏನು, ಸಂಬಳ ಯಾವ ತಿಂಗಳು ಬರುತ್ತೆ ಅನ್ನುವುದು ಈ ಕೆಲಸದಲ್ಲಿರುವವರಿಗೆ ಗೊತ್ತು. ಈಡಿಸ್ ಆಲ್ಬೊಪಿಕ್ಟಸ್, ಅಂದರೆ ನಮ್ಮ ಹುಲಿ ಸೊಳ್ಳೆ, ಬೆಂಗಳೂರಿನ ಸುತ್ತ ಎಷ್ಟು ಎತ್ತರದಿಂದ ಎಷ್ಟು ಎತ್ತರದವರೆಗೆ ಇದೆ ಅಂತ ನೋಡಬೇಕು ಅನ್ನುವ ಹುಚ್ಚು ಹತ್ತಿದ್ದು ಮೂರು ವರ್ಷದ ಹಿಂದೆ. ಅನುದಾನಕ್ಕೆ ಒಂದು ಕಡೆ ಅರ್ಜಿ ಹಾಕಿದೆ. "ಮೂಲಸೌಕರ್ಯ ಸಾಲದು" ಅಂತ ವಾಪಸ್ ಬಂತು. ಆಗ ಕೈಯಲ್ಲಿದ್ದದ್ದು ಚೀಟಿ ಎತ್ತಿದ ನಲವತ್ತು ಸಾವಿರ. ಅದನ್ನೇ ಮೂಲಸೌಕರ್ಯ ಅಂದುಕೊಂಡೆ.

ಜಾಡು ಹೇಗೆ ಆರಿಸಿಕೊಂಡೆ ಅನ್ನುವುದು ಈ ಕೆಲಸದಲ್ಲಿ ನನಗೆ ತುಂಬ ಹೆಮ್ಮೆಯ ಭಾಗ, ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ. ಎತ್ತರದ ಸಮೀಕ್ಷೆ ಅಂದರೆ ಎಲ್ಲರೂ ಒಂದು ಬೆಟ್ಟ ಹಿಡಿದು ಕೆಳಗಿಂದ ಮೇಲಕ್ಕೆ ಹೋಗುತ್ತಾರೆ. ನಾನು ಹೊಳೆ ಹಿಡಿದೆ. ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ, ಬೆಟ್ಟದ ನೆತ್ತಿ 1,478 ಮೀಟರ್. ಅಲ್ಲಿಂದ ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಗೆ ಸೇರುವ ಹೊತ್ತಿಗೆ ನೆಲ ನಾನೂರು ಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. ಸಾವಿರ ಮೀಟರಿಗಿಂತ ಜಾಸ್ತಿ ಇಳಿಜಾರು, ಒಂದೇ ಹೊಳೆಯ ಪಾತ್ರ, ನಡುವೆ ಒಂಬೈನೂರು ಮೀಟರ್ ಎತ್ತರದಲ್ಲಿ ನಮ್ಮ ಬೆಂಗಳೂರು. ಬಸವನಗುಡಿ ಮತ್ತು ಮಲ್ಲೇಶ್ವರದ ಕಡೆಯಿಂದ ಹೊರಡುವ ವೃಷಭಾವತಿಯೂ ಕೊನೆಗೆ ಅರ್ಕಾವತಿಗೇ ಸೇರುವುದರಿಂದ, ಆ ಎರಡು ಬಡಾವಣೆಗಳನ್ನೂ ಧೈರ್ಯವಾಗಿ ಸೇರಿಸಿಕೊಂಡೆ. ಒಟ್ಟು ಹದಿನೈದು ತಾಣ, ತಾಣಕ್ಕೆ ಆರು ಬಲೆ.

ಬಲೆ ಅಂದರೆ ಮೊಟ್ಟೆ ಬಲೆ, ಸೊಳ್ಳೆ ತಾನಾಗಿ ಬಂದು ಒಳಗಿನ ಪಟ್ಟಿಯ ಮೇಲೆ ಮೊಟ್ಟೆ ಇಟ್ಟು ಹೋಗುವಂಥದ್ದು. ಮೊದಲ ಸುತ್ತಿಗೆ ಎಲ್ಲರ ಹಾಗೆ ಕಪ್ಪು ಪ್ಲಾಸ್ಟಿಕ್ ಲೋಟ, ಒಳಗೆ ಕಾಗದದ ಪಟ್ಟಿ, ಅರ್ಧ ನೀರು. ಲೋಟ ಒಂದಕ್ಕೆ ಆರೇಳು ರೂಪಾಯಿ ಬಿತ್ತು, ಕಪ್ಪು ಬಣ್ಣ ಬೇರೆ. ಊರೊಳಗೆ ಏನೂ ತೊಂದರೆ ಇಲ್ಲ. ಬೆಟ್ಟದ ಮೇಲೆ ಮೊದಲ ವಾರ ಕಟ್ಟಿದ ಮೂವತ್ತಾರರಲ್ಲಿ ವಾಪಸ್ ಸಿಕ್ಕಿದ್ದು ಹನ್ನೊಂದೋ ಹನ್ನೆರಡೋ. ಮಿಕ್ಕದ್ದೆಲ್ಲ ಮಂಗಗಳ ಪಾಲು. ಒಂದು ಗಡವ ನನ್ನ ಕಣ್ಣೆದುರಿಗೇ ಲೋಟ ಬಿಚ್ಚಿ, ನೀರು ಮೂಸಿ, ಮುಖ ಸಿಂಡರಿಸಿ, ಮೊಟ್ಟೆ ಪಟ್ಟಿಯನ್ನು ಮಾತ್ರ ಬಾಯಿಗೆ ಹಾಕಿಕೊಂಡು ಹೋಯಿತು. "ಬೆಟ್ಟದಲ್ಲಿ ಮಂಗ ಬಿಡಲ್ಲ ಮೇಡಂ" ಅಂತ ಹೇಳಿದವರ ಮಾತು ನಿಜವಾಯಿತಲ್ಲ ಅನ್ನುವ ಸಂಕಟವೇ ಹೆಚ್ಚು.

ತಂತಿ ಬಿಗಿದೆ. ಮುಚ್ಚಳಕ್ಕೆ ಜಾಲರಿ ಹಾಕಿದೆ. ಬಿಗಿದಷ್ಟೂ ಮಂಗಗಳಿಗೆ ಕುತೂಹಲ ಜಾಸ್ತಿ. ಎರಡು ತಿಂಗಳು, ಸುಮಾರು ನಾಲ್ಕು ಸಾವಿರ ರೂಪಾಯಿ ಹೀಗೇ ಹೋಯಿತು. ಕೊನೆಗೆ ಹೊಳೆದದ್ದು ಬಹಳ ಸಾದಾ ವಿಷಯ: ಮಂಗ ಹೊಸ ವಸ್ತು ಕಂಡರೆ ಮುಟ್ಟುತ್ತೆ, ಹಳೇದನ್ನು ಮುಟ್ಟಲ್ಲ. ಹಾಗಾದರೆ ಬಲೆಯೇ ಕಾಡಿನ ವಸ್ತುವಿನ ಹಾಗೆ ಕಾಣಬೇಕು. ಹುಲಿ ಸೊಳ್ಳೆ ಊರಿಗೆ ಬರುವ ಮೊದಲು ಇದ್ದದ್ದೇ ಮರದ ಪೊಟರೆಯಲ್ಲಿ, ಮುರಿದ ಬಿದಿರಿನ ಮೋಟಿನಲ್ಲಿ. ಶಿವಾಜಿನಗರದ ಹತ್ತಿರ ಬಂಬೂ ಬಜಾರಿಗೆ ಹೋಗಿ ದಪ್ಪ ಬೊಂಬು ಕೊಂಡೆ. ಒಂದು ಬೊಂಬು ನೂರೈವತ್ತು, ನೂರಾ ಎಂಬತ್ತು. ಗಿಣ್ಣು ಗಿಣ್ಣಿಗೆ ಕೊಯ್ದರೆ ಹತ್ತು ಹನ್ನೆರಡು ತುಂಡು. ಗಿಣ್ಣೇ ತಳ. ಕೊಯ್ಯುವವನಿಗೆ ಟೀ ಕಾಸು ಬೇರೆ. ಲೆಕ್ಕ ಹಾಕಿದರೆ ತುಂಡಿಗೆ ಹದಿನೈದು ಹದಿನಾರು, ಅಂದರೆ ಲೋಟದ ಎರಡರಷ್ಟು. ಆದರೆ ಒಂದೇ ತುಂಡು ಹದಿನಾಲ್ಕು ತಿಂಗಳು ಬಾಳಿತು.

ಬಾಳುವ ಮೊದಲು ಅದೂ ಕಾಟ ಕೊಟ್ಟಿತು. ಬಿಸಿಲಿಗೆ ಬೊಂಬು ಸೀಳುತ್ತೆ, ಎರಡೇ ದಿನದಲ್ಲಿ ನೀರೆಲ್ಲ ಸೋರಿ ಪಟ್ಟಿ ಒಣಗಿ ಖಾಲಿ. ಒಳಗೆ ಮೇಣ ಕಾಯಿಸಿ ಹುಯ್ದೆ, ನಿಂತಿತು. ಅಕ್ಟೋಬರಿನ ಮಳೆಗೆ ಇನ್ನೊಂದು ಪಾಠ: ನೀರು ಏರಿ ಪಟ್ಟಿ ಮುಳುಗಿ, ಮೊಟ್ಟೆಗಳು ಅಲ್ಲೇ ಒಡೆದು ಮರಿಗಳು ತುಂಬಿ ಹೊರಕ್ಕೆ ಚೆಲ್ಲಿದ್ದವು. ಸೊಳ್ಳೆ ಎಣಿಸಲು ಹೋದವಳು ಸೊಳ್ಳೆ ಬೆಳೆಸಿ ಬಂದ ಹಾಗಾಯಿತು. ಅವತ್ತಿನಿಂದ ಪಕ್ಕಕ್ಕೆ ಒಂದು ತೂತು. ಮೇಲಿಂದ ಮೂರು ಬೆರಳು ಬಿಟ್ಟು ಕೊರೆಯಿರಿ, ಅಷ್ಟೇ. ನಿಯಮ ಒಂದೇ: ಏಳನೇ ದಿನ ದಾಟಿ ಬಲೆ ಬಿಡಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಊರೊಳಗೆ ಐದನೇ ದಿನವೇ ತೆಗೆದಿದ್ದೇನೆ. ಜ್ವರ ಬಂದು ಮಲಗಿದ ಒಂದು ವಾರ ನಮ್ಮ ಬಿ.ಎಸ್ಸಿ. ಹುಡುಗನೊಬ್ಬ ಬಸ್ಸಿನಲ್ಲಿ ಹೋಗಿ ಎಲ್ಲವನ್ನೂ ಖಾಲಿ ಮಾಡಿ ಬಂದ. ಅವನಿಗೆ ಇನ್ನೂ ಬಿರಿಯಾನಿ ಬಾಕಿ ಇದೆ.

ಬಣ್ಣದ ಬಗ್ಗೆ ಎಲ್ಲರೂ ಹೆದರಿಸಿದ್ದರು, ಕಪ್ಪಿಲ್ಲದಿದ್ದರೆ ಈಡಿಸ್ ಬರಲ್ಲ ಅಂತ. ಒಳಗಡೆ ಕತ್ತಲೆ ಇದ್ದರೆ ಸಾಕು, ಹೊರಗಿನ ಬಣ್ಣ ಅದಕ್ಕೆ ಯಾಕೆ? ಮಲ್ಲೇಶ್ವರದ ಗೆಳತಿಯ ಮನೆ ಹಿತ್ತಲಲ್ಲಿ ಆರು ಕಪ್ಪು ಲೋಟ, ಆರು ಬೊಂಬು ಅಕ್ಕಪಕ್ಕ ಕಟ್ಟಿ ಎಂಟು ವಾರ ನೋಡಿದೆ. ಬೊಂಬಿಗೇ ಹೆಚ್ಚು ಮೊಟ್ಟೆ, ಸುಮಾರು ಒಂದೂವರೆ ಪಟ್ಟು. ಎಳನೀರು ಬುರುಡೆಯನ್ನೂ ಇಟ್ಟು ನೋಡಿದೆ. ಮೊಟ್ಟೆ ಚೆನ್ನಾಗಿಯೇ ಬಿತ್ತು, ಆದರೆ ಬುರುಡೆಯ ನಾರಿನಲ್ಲಿ ಮೊಟ್ಟೆ ಹುಡುಕುವುದು ರಾಗಿಯಲ್ಲಿ ಸಾಸಿವೆ ಆರಿಸಿದ ಹಾಗೆ. ಬಿಟ್ಟೆ. ಗೆಳತಿಯ ಅಮ್ಮ ಮಾತ್ರ, "ಕಾಫಿ ಗಸಿ ಹಾಕಮ್ಮ, ಗಿಡಕ್ಕೆ ಹಾಕಿದರೆ ಸೊಳ್ಳೆ ಬರಲ್ಲ" ಅಂದರು. ಹಾಕಿದೆ. ಮೂರು ವಾರ ಆ ಬಲೆಗಳಿಗೆ ಮೊಟ್ಟೆ ಅರ್ಧಕ್ಕರ್ಧ ಇಳಿಯಿತು. ನನ್ನ ಕೆಲಸಕ್ಕೆ ಅದು ಉಲ್ಟಾ, ಆದರೂ ಅವರ ಮಾತು ತೆಗೆದುಹಾಕುವ ಹಾಗಿಲ್ಲ.

ಬಲೆಯ ನೀರು ಬರೀ ನಲ್ಲಿ ನೀರಲ್ಲ. ಹುಲ್ಲು ಕೊಳೆಸಿದ ನೀರು ಎಲ್ಲರೂ ಬಳಸುತ್ತಾರೆ. ನಾನು ಹಾಕಿದ್ದು ರಾಗಿ ಹುಲ್ಲು. ಒಂದು ಹಿಡಿ ಕತ್ತರಿಸಿ ಬಕೆಟ್ಟಿಗೆ ಹಾಕಿ, ಮುಚ್ಚಳ ಬಿಗಿದು ಏಳು ದಿನ. ಹತ್ತಕ್ಕೆ ಒಂದರಂತೆ ತೆಳ್ಳಗೆ ಮಾಡಿ ಬಳಸಬೇಕು. ದಪ್ಪ ಮಾಡಿದರೆ ಕ್ಯೂಲೆಕ್ಸ್ ಅನ್ನುವ ಬೇರೆ ಸೊಳ್ಳೆ ಬಂದು ನೀರ ಮೇಲೆ ಮೊಟ್ಟೆಗಳ ತೆಪ್ಪ ಬಿಟ್ಟುಹೋಗುತ್ತೆ, ನಿಮ್ಮ ಈಡಿಸ್ ದೂರ ಉಳಿಯುತ್ತೆ. ಹುಲ್ಲಿನ ಜೊತೆ ಇನ್ನೊಂದು ಸೊಪ್ಪು ಹಾಕುತ್ತೇನೆ. ನಮ್ಮ ಬೇಲಿಯದ್ದೇ. ಅದರ ಹೆಸರು ಕೇಳಬೇಡಿ, ಹಿರಿಯರಿಗೂ ಹೇಳಿಲ್ಲ.

ಆ ಬಕೆಟ್ಟಿನ ವಾಸನೆಗೆ ನಮ್ಮ ಮೇಲಿನ ಮನೆಯವರು ಚರಂಡಿ ಕಟ್ಟಿದೆ ಅಂತ ದೂರು ಕೊಟ್ಟರು. ದೂರಿಗೆ ಬಂದವರು ಬಕೆಟ್ ನೋಡಿದರು, ಬೊಂಬು ನೋಡಿದರು, ಟೇಬಲ್ ಮೇಲಿದ್ದ ಮರಿಗಳ ಟ್ರೇ ನೋಡಿದರು. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಮರಿ ಸಿಕ್ಕ ಮನೆಗೆ ದಂಡ ಅಂತ ಮಾಡಿತ್ತಲ್ಲ, ಪಟ್ಟಣದಲ್ಲಿ ಮನೆಗೆ 400 ರೂಪಾಯಿ. ನನ್ನ ಮನೆಯಲ್ಲಿ ಮರಿ "ಸಿಕ್ಕಿದ್ದು" ಅಲ್ಲ, ಲೆಕ್ಕ ಬರೆದು ಇಟ್ಟಿದ್ದು. ಅರ್ಧ ಗಂಟೆ ವಿವರಿಸಿದೆ, ಜಾಲರಿ ತೋರಿಸಿದೆ. ಕೊನೆಗೆ ಆತ ನಗುತ್ತಾ, "ಸೊಳ್ಳೆಗೆ ರೇಷನ್ ಕಾರ್ಡು ಮಾಡ್ಸಿದ್ದೀರಾ ಮೇಡಂ" ಅಂತ ಹೇಳಿ ಹೋದರು. ನಮ್ಮತ್ತೆ ನೆಂಟರ ಎದುರಿಗೆ ನನ್ನನ್ನು ಪರಿಚಯಿಸುವುದೇ "ಸೊಳ್ಳೆ ಸಾಕೋ ಸೊಸೆ" ಅಂತ.

ಮೊಟ್ಟೆ ಪಟ್ಟಿಗೆ ಸುರುವಿನಲ್ಲಿ ಬೀಜ ಮೊಳಕೆ ಪರೀಕ್ಷೆಯ ಕಾಗದ ತಂದೆ, ಹೆಬ್ಬಾಳದ ಕಡೆ ಸಿಗುತ್ತೆ. ಚೆನ್ನಾಗಿದೆ, ಆದರೆ ವಾರಕ್ಕೆ ತೊಂಬತ್ತು ಪಟ್ಟಿ ಅಂದರೆ ನನ್ನ ಕೈಗೆ ಭಾರ. ಮಾವನವರ ಸವೆದ ಪಂಚೆ ಹರಿದು ಪಟ್ಟಿ ಮಾಡಿದೆ. ಬಿಳಿ ಬಟ್ಟೆ ಮೇಲೆ ಕರಿ ಮೊಟ್ಟೆ ಎದ್ದು ಕಾಣುತ್ತೆ, ಒಗೆದು ಕುದಿಸಿದರೆ ಮತ್ತೆ ಬರುತ್ತೆ. ಹೊಸ ಬಟ್ಟೆ ಬೇಡ, ಗಂಜಿ ಇರುತ್ತೆ.

ಮೊದಲ ನಾಲ್ಕು ವಾರದ ಮೊಟ್ಟೆಗಳನ್ನು ನಾನೇ ಕೊಂದೆ. ತಂದ ಪಟ್ಟಿಗಳನ್ನು ಸಂಜೆಯೇ ಫ್ಯಾನಿನ ಕೆಳಗೆ ಒಣಗಿಸಿದ್ದು. ಎಂಟುನೂರು ಮೊಟ್ಟೆಯಲ್ಲಿ ಇಪ್ಪತ್ತೂ ಒಡೆಯಲಿಲ್ಲ. ಲೆನ್ಸ್ ಹಿಡಿದರೆ ಎಲ್ಲ ಕುಸಿದು ಜೊಳ್ಳು. ಒಳಗಿನ ಭ್ರೂಣ ಬಲಿಯಲು ಎರಡು ಮೂರು ದಿನ ತೇವ ಬೇಕು, ಆಮೇಲೆ ಮಾತ್ರ ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿ ಕೂತರೂ ಬದುಕುತ್ತೆ. ಪುಸ್ತಕದಲ್ಲಿ ಇದೆ, ನಾನೇ ಪಾಠ ಮಾಡಿದ್ದೇನೆ ಕೂಡ. ಕೈ ಮಾಡುವಾಗ ತಲೆಗೆ ಬರಲಿಲ್ಲ. ಆಮೇಲಿಂದ ಒದ್ದೆ ಪೇಪರಿನಲ್ಲಿ ಸುತ್ತಿ ಚಪಾತಿ ಹಾಟ್‌ಬಾಕ್ಸಿನಲ್ಲಿ ಮೂರು ದಿನ ಇಟ್ಟು, ಆಮೇಲೆ ನೆರಳಿನಲ್ಲಿ ನಿಧಾನವಾಗಿ ಒಣಗಿಸಿದೆ. ನಮ್ಮನೆಯವರು ಹೊಸ ಹಾಟ್‌ಬಾಕ್ಸ್ ತಂದುಕೊಟ್ಟರು, ಮಾತಿಲ್ಲದೆ.

ಇರುವೆ ಇನ್ನೊಂದು ಶನಿ. ಒಂದೇ ರಾತ್ರಿ ಎರಡು ತಾಣದ ಪಟ್ಟಿಗಳನ್ನು ಚೊಕ್ಕಟವಾಗಿ ಆರಿಸಿಕೊಂಡು ಹೋಗಿದ್ದವು. ಇರುವೆ ಚಾಕ್ ಬಳಿದರೆ ಅದರ ಪುಡಿ ಟ್ರೇಗೆ ಬಿದ್ದು ಮರಿ ಸಾಯುತ್ತೆ. ಅಜ್ಜಿಮನೆಯಲ್ಲಿ ಹಾಲಿನ ಗೂಡಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ಹಾಗೇ ಸ್ಟ್ಯಾಂಡಿನ ನಾಲ್ಕು ಕಾಲಿಗೂ ಬಟ್ಟಲು ಇಟ್ಟೆ. ಹತ್ತು ದಿನ ಬಿಟ್ಟು ನೋಡಿದರೆ ಬಟ್ಟಲಲ್ಲೇ ಈಡಿಸ್ ಮರಿಗಳು ಕುಣಿಯುತ್ತಿವೆ. 1883ರಲ್ಲಿ ರೊನಾಲ್ಡ್ ರಾಸ್ ಇದೇ ಬೆಂಗಳೂರಿನಲ್ಲಿ ಸೇನಾ ವೈದ್ಯನಾಗಿದ್ದಾಗ, ತನ್ನ ಬಂಗಲೆಯ ಕಿಟಕಿ ಹೊರಗಿನ ತೊಟ್ಟಿ ನೀರಲ್ಲಿ ಸೊಳ್ಳೆ ಮರಿ ಕಂಡು ತೊಟ್ಟಿ ಬೋರಲು ಹಾಕಿಸಿದ್ದನಂತೆ. ನೂರಾ ನಲವತ್ತು ವರ್ಷ ಆದ ಮೇಲೆ ನನಗೂ ಅದೇ ಬುದ್ಧಿ ಬಂತು. ಈಗ ಬಟ್ಟಲಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ.

ಮೊಟ್ಟೆ ನೋಡಿ ಜಾತಿ ಹೇಳಲು ಆಗದು, ಬೆಳೆಸಲೇ ಬೇಕು. ಕುದಿಸಿ ಆರಿಸಿದ ನೀರು, ಚಿಟಿಕೆ ಯೀಸ್ಟ್, ಆಮೇಲೆ ಮೀನಿನ ಆಹಾರ. ಮರಿ ನಾಲ್ಕನೇ ಹಂತಕ್ಕೆ ಬಂದಾಗ ಅದರ ಬಾಲದ ಹತ್ತಿರ ಬಾಚಣಿಗೆಯ ಹಾಗೆ ಸಾಲಾಗಿರುವ ಹಲ್ಲು ನೋಡಿ: ಪಕ್ಕದಲ್ಲಿ ಮುಳ್ಳು ಚಾಚಿ ತ್ರಿಶೂಲದ ಹಾಗಿದ್ದರೆ ಈಡಿಸ್ ಈಜಿಪ್ಟಿ, ಅಂದರೆ ಮನೆಯ ನೀರಿನಲ್ಲಿ ಬೆಳೆಯುವ ಡೆಂಗಿ ಸೊಳ್ಳೆ, ಒಂಟಿ ಮುಳ್ಳಾದರೆ ಆಲ್ಬೊಪಿಕ್ಟಸ್. ಅನುಮಾನ ಬಂದದ್ದನ್ನು ರೆಕ್ಕೆ ಬರುವತನಕ ಕಾಯಿಸಿ ಬೆನ್ನು ನೋಡಿದೆ. ನಡುವೆ ಒಂದೇ ಬಿಳಿ ಗೆರೆಯಾದರೆ ಆಲ್ಬೊಪಿಕ್ಟಸ್, ಎರಡೂ ಪಕ್ಕ ಬಾಗಿದ ಗೆರೆಗಳಾದರೆ ಈಜಿಪ್ಟಿ. ಮೈಕ್ರೋಸ್ಕೋಪ್ ಸೆಕೆಂಡ್ ಹ್ಯಾಂಡ್, ಆರೂವರೆ ಸಾವಿರ. ಮಾರಿದವನು ಹೊಸ ಲೆನ್ಸ್ ಅಂದಿದ್ದ, ಒಳಗೆ ಬೂಸ್ಟು ಹಿಡಿದಿತ್ತು. ಒರೆಸಿಕೊಂಡು ಬಳಸಿದೆ.

ಈಗ ಎತ್ತರದ ವಿಷಯ. ಇದರಲ್ಲಿ ನಾನು ಕಳೆದುಕೊಂಡದ್ದು ದುಡ್ಡಲ್ಲ, ಒಂದಿಡೀ ಮಳೆಗಾಲ. ಫೋನಿನ ಆ್ಯಪ್ ತೋರಿಸಿದ ಎತ್ತರ ಬರೆದುಕೊಂಡು ಬಂದೆ. ನಂದಿ ನೆತ್ತಿ 1,390 ಚಿಲ್ಲರೆ ಅಂತ ತೋರಿಸಿತು. ಫೋನು ಹಳೇದು, ಹಾಗೇ ಇರಬೇಕು ಅಂದುಕೊಂಡೆ. ನಮ್ಮ ಮನೆಯೂ ಒಂಬೈನೂರಕ್ಕೆ ಬದಲು ಎಂಟುನೂರ ಇಪ್ಪತ್ತರ ಹತ್ತಿರ ಬಂದಾಗ ತಲೆ ಕೆಟ್ಟಿತು. ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ವ್ಯತ್ಯಾಸ, ಎಂಬತ್ತೈದು ಮೀಟರ್. ಸರ್ವೆ ಕೆಲಸದ ಪರಿಚಯದವರೊಬ್ಬರು ಕೇಳಿದ ತಕ್ಷಣ ನಕ್ಕರು. ಆ ಆ್ಯಪ್ ಕೊಡುತ್ತಿದ್ದದ್ದು ಸಮುದ್ರ ಮಟ್ಟದಿಂದ ಎತ್ತರ ಅಲ್ಲ, ಉಪಗ್ರಹದ ಲೆಕ್ಕದ ನುಣುಪು ಭೂಗೋಳದಿಂದ ಎತ್ತರ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ಕಡಿಮೆಯಾಗಿ ಸಮುದ್ರದ ಮಟ್ಟವೇ ಆ ನುಣುಪು ಗೋಳಕ್ಕಿಂತ ನೂರು ಮೀಟರಿಗೂ ಹೆಚ್ಚು ತಗ್ಗಿದೆ, ಆ ತಗ್ಗಿನ ಅಂಚು ನಮ್ಮ ಬೆಂಗಳೂರನ್ನೂ ದಾಟಿದೆ. ಇಲ್ಲಿ ಎಂಬತ್ತಾರರ ಹತ್ತಿರ. ನನ್ನ ಸೊಳ್ಳೆಗಳೆಲ್ಲ ಒಂದು ಮಳೆಗಾಲ ಪೂರ್ತಿ ಎಂಬತ್ತಾರು ಮೀಟರ್ ಹಳ್ಳದಲ್ಲಿ ಇದ್ದವು.

ಸರಿ, ಒತ್ತಡ ಅಳೆಯುವ ಸೆನ್ಸರ್ ಇರುವ ಫೋನು ಸಾಲ ತಂದೆ. ಅದೂ ಸುಳ್ಳು ಹೇಳುತ್ತೆ. ಒಂದೇ ಕಲ್ಲಿನ ಮೇಲೆ ಬೆಳಿಗ್ಗೆ ಹತ್ತು ಗಂಟೆಗೆ ಇಟ್ಟು, ಮಧ್ಯಾಹ್ನ ನಾಲ್ಕಕ್ಕೆ ಇಟ್ಟರೆ ಮೂವತ್ತು ಮೀಟರ್ ಮೇಲೆ ಹೋಗಿರುತ್ತೆ ಕಲ್ಲು! ನಮ್ಮ ಉಷ್ಣವಲಯದಲ್ಲಿ ಗಾಳಿಯ ಒತ್ತಡ ದಿನಾ ಹತ್ತು ಗಂಟೆಗೆ ಏರಿ ನಾಲ್ಕಕ್ಕೆ ಇಳಿಯುತ್ತೆ, ಮೂರು ನಾಲ್ಕು ಮಿಲಿಬಾರ್. ನಮ್ಮ ಎತ್ತರದಲ್ಲಿ ಒಂದು ಮಿಲಿಬಾರಿಗೆ ಒಂಬತ್ತು ಮೀಟರಿಗಿಂತ ಸ್ವಲ್ಪ ಜಾಸ್ತಿ. ಇದಕ್ಕೆ ಮದ್ದು ರೈಲ್ವೆ ಸ್ಟೇಷನ್. ಹಳದಿ ಬೋರ್ಡಿನ ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಅಂತ ಬರೆದಿರುತ್ತಾರಲ್ಲ, ಅಲ್ಲಿ ನಿಂತು ಫೋನು ಸರಿಮಾಡಿಕೊಂಡು ಹೊರಡುವುದು, ಎರಡು ಗಂಟೆಯೊಳಗೆ ಮತ್ತೆ ಗೊತ್ತಿರುವ ಎತ್ತರಕ್ಕೆ ಬಂದು ತಾಳೆ ನೋಡುವುದು. ಪ್ಲಾಟ್‌ಫಾರ್ಮಿನಲ್ಲಿ ಬೋರ್ಡಿಗೆ ಫೋನು ಹಿಡಿದು ನಿಂತವಳನ್ನು ರೀಲ್ಸ್ ಮಾಡುವವಳು ಅಂದುಕೊಂಡು ಒಬ್ಬರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಬೆಟ್ಟಕ್ಕೆ ಕಾರಿನ ದಾರಿ ಹಿಡಿಯಲಿಲ್ಲ. ಸುಲ್ತಾನ್‌ಪೇಟೆ ಕಡೆಯಿಂದ ಹಳೇ ಮೆಟ್ಟಿಲು ದಾರಿ ಇದೆ, ಸಾವಿರದ ಏಳುನೂರು ಚಿಲ್ಲರೆ ಮೆಟ್ಟಿಲು. ಎತ್ತರದ ಸಮೀಕ್ಷೆಗೆ ಅದಕ್ಕಿಂತ ಒಳ್ಳೆ ಏಣಿ ಎಲ್ಲಿ ಸಿಗುತ್ತೆ? ಬುಡದಿಂದ ಸುಮಾರು ನೂರು ಮೀಟರಿಗೊಂದು ತಾಣ, ನೆತ್ತಿಯದ್ದು ಸೇರಿ ಆರು. ಯಾವ ಮರ, ಯಾವ ಬಂಡೆ ಅಂತ ಹೇಳುವುದಿಲ್ಲ, ಬಲೆಗಳು ಇನ್ನೂ ಅಲ್ಲೇ ಇವೆ.

ಬುಡದ ಊರಿನಲ್ಲಿ ಮೊದಲ ದಿನ ಬೊಂಬು ಕಟ್ಟುತ್ತಿದ್ದಾಗ ಒಬ್ಬ ಅಜ್ಜಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಬಂದು ನಿಂತರು.

"ಏನವ್ವಾ, ನಮ್ಮೂರಿಗೆ ಸೊಳ್ಳೆ ಬಿಡಕ್ ಬಂದಿದ್ದೀಯಾ?"

"ಇಲ್ಲ ಅಜ್ಜಿ, ಇರೋ ಸೊಳ್ಳೇನ ಲೆಕ್ಕ ಹಾಕಕ್ಕೆ."

"ಲೆಕ್ಕ ಹಾಕಿ ಏನ್ ಮಾಡ್ತೀಯಾ? ಸೊಳ್ಳೆ ಏನ್ ವೋಟ್ ಹಾಕ್ತವಾ?"

ಉತ್ತರ ಇರಲಿಲ್ಲ. ಆದರೆ ಆರನೇ ವಾರದಿಂದ ನನ್ನ ಬೊಂಬು ದನ ಕೆಡವದ ಹಾಗೆ ನೋಡಿಕೊಂಡವರು ಅವರೇ. ಅವರ ಹಿತ್ತಲ ಒರಳುಕಲ್ಲಿನ ನೀರಲ್ಲಿ ಆಲ್ಬೊಪಿಕ್ಟಸ್ ತುಂಬಿ ತುಳುಕುತ್ತಿದ್ದುದನ್ನು ತೋರಿಸಿದ ಮೇಲೆ ಒರಳು ಬೋರಲು ಬಿತ್ತು.

ಏನು ಸಿಕ್ಕಿತು? ನೆತ್ತಿಯಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಆರು ಬಲೆಯಲ್ಲಿ ಮೂರಕ್ಕೆ ಮೊಟ್ಟೆ, ಬೆಳೆಸಿದರೆ ಎಲ್ಲವೂ ಆಲ್ಬೊಪಿಕ್ಟಸ್. ಈಜಿಪ್ಟಿ 1,200 ಮೀಟರಿನ ಮೇಲೆ ಒಂದೇ ಸಲ, ನವೆಂಬರಿನಲ್ಲಿ ಅಂಗಡಿಗಳ ಹಿಂದೆ, ನಾಲ್ಕು ಮರಿ. ಹಿರಿಯರು ಇದನ್ನೂ ಒಪ್ಪಲಿಲ್ಲ. "ಮೊಟ್ಟೆ ಅಲ್ಲಿ ಸಿಕ್ಕಿದ್ದು ಸರಿ, ಬೆಳೆಸಿದ್ದು ಯಲಹಂಕದಲ್ಲಿ. ಅಲ್ಲಿಯ ಚಳಿಗೆ ಮರಿ ಬದುಕುತ್ತೆ ಅಂತ ಏನು ಗ್ಯಾರಂಟಿ? ಕಾರಿನಲ್ಲಿ ಬಂದ ಸೊಳ್ಳೆ ಇರಬಹುದು." ಸಿಟ್ಟು ಬಂತು, ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಜನವರಿಯಲ್ಲಿ ಮೇಲಿನ ಟೀ ಅಂಗಡಿಯವರನ್ನು ಕೇಳಿಕೊಂಡು, ಅವರ ಸೌದೆ ಗೂಡಿನ ಪಕ್ಕ ಜಾಲರಿ ಕಟ್ಟಿದ ಎರಡು ಮಗ್ಗಿನಲ್ಲಿ ನಲವತ್ತು ಮರಿ ಇಟ್ಟೆ, ಅಲ್ಲಿನದೇ ನೀರು, ಅಲ್ಲಿನದೇ ಎಲೆ. ನಾನೇ ವಾರಕ್ಕೆ ಎರಡು ಸಲ ಹೋದೆ. ಮಿಕ್ಕ ದಿನ ಅವರು ಫೋಟೋ ಕಳಿಸಿದರು. ಮನೆಯಲ್ಲಿ ಎಂಟು ಒಂಬತ್ತು ದಿನಕ್ಕೆ ಪ್ಯೂಪಾ, ಅಂದರೆ ರೆಕ್ಕೆ ಬರುವ ಮೊದಲಿನ ಕೋಶ, ಆಗುವುದು ಅಲ್ಲಿ ಹದಿನೆಂಟು ಹತ್ತೊಂಬತ್ತು ದಿನ ಹಿಡಿಯಿತು. ಆದರೆ ಆಯಿತು. ನಲವತ್ತರಲ್ಲಿ ಇಪ್ಪತ್ತಾರೋ ಇಪ್ಪತ್ತೇಳೋ ಪ್ಯೂಪಾ, ಅಲ್ಲೇ ಎಲ್ಲವನ್ನೂ ಮದ್ಯಸಾರಕ್ಕೆ ಹಾಕಿ ತಂದೆ. ಕಾರಿನಲ್ಲಿ ಬಂದಿರಬಹುದು, ಆದರೆ ಬಂದರೆ ಉಳಿಯುತ್ತೆ.

ಮೆಕ್ಸಿಕೋದಲ್ಲಿ ವೆರಾಕ್ರೂಸ್ ಕರಾವಳಿಯಿಂದ ಪ್ಯೂಬ್ಲಾವರೆಗೆ ಹುಡುಕಿದವರಿಗೆ ಈಜಿಪ್ಟಿಯೇ 2,100 ಮೀಟರಿನ ಹತ್ತಿರ ಸಿಕ್ಕಿದೆ, ಆಲ್ಬೊಪಿಕ್ಟಸ್ ಅದಕ್ಕಿಂತ ಚಳಿ ತಡೆಯುವ ಜೀವ. ಅಂದಮೇಲೆ 1,478 ಮೀಟರಿನ ನಂದಿಯಲ್ಲಿ ಅದರ ಮೇಲಿನ ಗಡಿ ಹುಡುಕಲು ಹೊರಟದ್ದೇ ನನ್ನ ಹುಡುಗಾಟಿಕೆ. ಊಟಿಗೆ ಹೋಗಬೇಕಿತ್ತು. ದುಡ್ಡಿರಲಿಲ್ಲ.

ಚಳಿಯ ಲೆಕ್ಕವೂ ನಾನಂದುಕೊಂಡ ಹಾಗೆ ಇರಲಿಲ್ಲ. ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಇಳಿಯುತ್ತೆ ಅನ್ನುವ ಲೆಕ್ಕದಲ್ಲಿ ಬುಡಕ್ಕಿಂತ ನೆತ್ತಿ ಮೂರು ಡಿಗ್ರಿ ತಣ್ಣಗಿರಬೇಕು. ಇನ್ನೂರೈವತ್ತು ರೂಪಾಯಿಯ ಥರ್ಮಾಮೀಟರ್ ಆರು ತಂದು ಆರು ತಾಣಕ್ಕೂ ಕಟ್ಟಿದೆ. ಮಧ್ಯಾಹ್ನ ಲೆಕ್ಕ ಸರಿ. ಜನವರಿಯ ಬೆಳಗಿನ ಜಾವ ಮಾತ್ರ ಬುಡದ ಊರೇ ನೆತ್ತಿಗಿಂತ ತಣ್ಣಗಿತ್ತು, ಒಂದು ದಿನ ಎರಡು ಡಿಗ್ರಿ. ತಂಪು ಗಾಳಿ ಭಾರ, ರಾತ್ರಿ ಜಾರಿ ತಗ್ಗಿಗೆ ಬಂದು ನಿಲ್ಲುತ್ತೆ. ಭಾನುವಾರ ನಮ್ಮ ಬೆಂಗಳೂರಿನವರು ಮೂರು ಗಂಟೆಗೆ ಎದ್ದು ಹೋಗಿ ಮೋಡದ ಕಡಲು ಅಂತ ಫೋಟೋ ಹೊಡೆಯುತ್ತಾರಲ್ಲ, ಅದರ ಕೆಳಗೆ ತಣ್ಣಗೆ ಕೂತಿರುವುದು ಇದೇ ಗಾಳಿ. ಎರಡು ಥರ್ಮಾಮೀಟರ್ ಮಂಗ ಒಯ್ದವು. ಮಂಗನ ಮೈಬಿಸಿ ಎಷ್ಟು ಅಂತ ತೋರಿಸುತ್ತಿವೆಯೋ ಏನೋ.

ನಿಜವಾದ ಸುದ್ದಿ ಸಿಕ್ಕಿದ್ದು ಕೆಳಗೆ. ಸಂಗಮದ ಕಡೆ ಅಭಯಾರಣ್ಯದ ಒಳಗೆ ನಾನು ಕಟ್ಟಿಲ್ಲ, ಅನುಮತಿ ಇಲ್ಲ, ಆನೆಗೆ ಬೊಂಬು ಬಲೆಯೂ ಒಂದೇ ಊಟವೂ ಒಂದೇ. ಹೊರಗಿನ ಊರಿನ ಹುಣಸೆ, ಹೊಂಗೆ ಮರಕ್ಕೆ ಕಟ್ಟಿದ್ದು. ಮಳೆಗಾಲದಲ್ಲಿ ಅಲ್ಲಿ ಆಲ್ಬೊಪಿಕ್ಟಸ್ ಬೆಂಗಳೂರಿಗಿಂತ ಜಾಸ್ತಿ. ಫೆಬ್ರವರಿಗೆ ಕಡಿಮೆ. ಮಾರ್ಚಿನ ಕೊನೆಯಿಂದ ಮೇ ಮೊದಲ ಮಳೆಯವರೆಗೆ ಆರಕ್ಕೆ ಆರೂ ಖಾಲಿ, ಏಳು ವಾರ. ಅದೇ ಹೊತ್ತಿನಲ್ಲಿ ಬೆಟ್ಟದ ಮೆಟ್ಟಿಲ ಮರದ ನೆರಳಲ್ಲಿ ವಾರಕ್ಕೆ ಒಂದೋ ಎರಡೋ ಬಲೆಗೆ ಮೊಟ್ಟೆ ಬೀಳುತ್ತಲೇ ಇತ್ತು. ಸಂಗಮದ ಊರಿನಲ್ಲೇ ಮನೆ ಮುಂದಿನ ಡ್ರಮ್ಮುಗಳಲ್ಲಿ ಈಜಿಪ್ಟಿ ಆರಾಮವಾಗಿತ್ತು, ಬೇಸಿಗೆ ಪೂರ್ತಿ. ಈಜಿಪ್ಟಿ ಮೊಟ್ಟೆ ಒಣಗು ತಡೆಯುತ್ತೆ, ಆಲ್ಬೊಪಿಕ್ಟಸ್‌ಗೆ ಅಷ್ಟು ಆಗದು. ಜೊತೆಗೆ ಈಜಿಪ್ಟಿಗೆ ನಾವೇ ನೀರು ಹಿಡಿದಿಟ್ಟು ಕಾಯುತ್ತೇವೆ. ಎಷ್ಟು ಮೇಲೆ ಹೋಗುತ್ತೆ ಅಂತ ನೋಡಲು ಹೋಗಿ, ಬೇಸಿಗೆಯಲ್ಲಿ ಎಷ್ಟು ಕೆಳಗೆ ಇಳಿಯಲಾರದು ಅನ್ನುವುದು ಸಿಕ್ಕಿತು. ಕನಕಪುರದಲ್ಲೂ ಹೀಗೇ, ಆದರೆ ಮೂರೇ ವಾರ ಖಾಲಿ. ರಾಮನಗರದಲ್ಲಿ ಒಂದು ವಾರವೂ ಪೂರ್ತಿ ಖಾಲಿ ಆಗಲಿಲ್ಲ.

ಬೆಂಗಳೂರಿನೊಳಗೆ ಎತ್ತರದ ಮಾತೇ ಬೇಡ. ಮಲ್ಲೇಶ್ವರದ ಮರವಿರುವ ಹಿತ್ತಲಲ್ಲಿ ಹತ್ತಕ್ಕೆ ಏಳು ಆಲ್ಬೊಪಿಕ್ಟಸ್, ಬಸವನಗುಡಿಯ ನನ್ನ ತಾಣದಲ್ಲಿ ಅರ್ಧ ಅರ್ಧ, ನಮ್ಮ ಯಲಹಂಕದ ಹೊಸ ಬಡಾವಣೆಯಲ್ಲಿ, ಕಟ್ಟಡ ಏಳುತ್ತಿರುವ ಕಡೆ, ಈಜಿಪ್ಟಿಯೇ ಈಜಿಪ್ಟಿ. ಮೂರೂ ಹೆಚ್ಚುಕಮ್ಮಿ ಒಂದೇ ಎತ್ತರ. ಮರ ಎಷ್ಟಿದೆ, ಸಂಪಿನ ಮುಚ್ಚಳ ಸರಿಯಿದೆಯಾ, ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಇಷ್ಟೇ.

ಇನ್ನು ವಿಟ್ಟೇಟಸ್, ಈಡಿಸ್‌ನದೇ ಇನ್ನೊಂದು ಜಾತಿ. ಅದು ನನ್ನ ಪಟ್ಟಿಯಲ್ಲೇ ಇರಲಿಲ್ಲ. ರಾಮನಗರದ ಬಂಡೆ ಮೇಲೆ ಊಟದ ಡಬ್ಬಿ ಬಿಚ್ಚಿದಾಗ ಹಗಲು ಹೊತ್ತಿನಲ್ಲೇ ಕಾಲಿಗೆ ಮುತ್ತಿಕೊಂಡಿತು, ಬೆನ್ನ ಮೇಲೆ ಬಿಳಿ ಚುಕ್ಕಿ. ಬಂಡೆಯ ಗುಂಡಿಗಳಲ್ಲಿ ನಿಂತ ಮಳೆ ನೀರಿಗೆ ಪಿಪೆಟ್, ಅಂದರೆ ನೀರು ಹೀರುವ ನಳಿಕೆ, ಇಳಿಸಿದರೆ ಗುಂಡಿಗೆ ನೂರಾರು ಮರಿ. ಬೊಂಬಿಗೆ ಮಾತ್ರ ಹದಿನಾಲ್ಕು ತಿಂಗಳಲ್ಲಿ ಒಂದೂ ಬರಲಿಲ್ಲ. ನಂದಿ ಮೆಟ್ಟಿಲಿನ ಪಕ್ಕದ ಬಂಡೆಯಲ್ಲೂ 1,300 ಮೀಟರಿನವರೆಗೆ ಅದೇ. ಅಂದರೆ ಬಲೆಯೊಂದನ್ನೇ ನಂಬಿದ್ದರೆ ನಮ್ಮ ಕಲ್ಲುಬೆಟ್ಟಗಳಲ್ಲಿ ವಿಟ್ಟೇಟಸ್ ಇಲ್ಲ ಅಂತಲೇ ಬರೆಯುತ್ತಿದ್ದೆ! ಬಲೆ ಹಾಕುವವರು ಪಿಪೆಟ್ಟನ್ನೂ ಜೇಬಿಗೆ ಹಾಕಿಕೊಳ್ಳಿ. ಈಗ ಒಂದೇ ಬಂಡೆಯ ಹನ್ನೊಂದು ಗುಂಡಿಗಳನ್ನು ಬಿಸಿಲಿಗೆ ಒಣಗುವ ದಿನ ಲೆಕ್ಕ ಹಾಕಿ ನೋಡುತ್ತಿದ್ದೇನೆ. ಅದು ಬೇರೆ ಕಥೆ, ಇನ್ನೂ ಕೂಡಿಬಂದಿಲ್ಲ.

ಖರ್ಚು ಕೇಳುವವರಿಗೆ: ಪೆಟ್ರೋಲ್ ಹದಿನೇಳು ಹದಿನೆಂಟು ಸಾವಿರ, ಅದೇ ದೊಡ್ಡದು. ಬೊಂಬು, ಹಾಳಾದ ಲೋಟ ಸೇರಿ ಏಳು. ಮೈಕ್ರೋಸ್ಕೋಪ್ ಆರೂವರೆ. ಥರ್ಮಾಮೀಟರ್, ಟ್ರೇ, ಮದ್ಯಸಾರ, ಯೀಸ್ಟ್, ಟೀ, ಬಸ್ಸು ಎಲ್ಲ ಸೇರಿ ಏಳೆಂಟು. ಚೀಟಿ ದುಡ್ಡಲ್ಲಿ ಮಿಕ್ಕಿದ್ದು ಸಾವಿರ ಚಿಲ್ಲರೆ, ಅದರಲ್ಲಿ ಮಾವನವರಿಗೆ ಎರಡು ಹೊಸ ಪಂಚೆ. ಬೊಂಬಿಗೆ ಬದಲಾಯಿಸಿದ ಮೇಲೆ ಬೆಟ್ಟದಲ್ಲಿ ಕಳೆದುಹೋದ ಬಲೆ ಹತ್ತಕ್ಕೆ ಒಂದೂ ಇಲ್ಲ. ಈ ಸಂಖ್ಯೆ ಹೇಳಿದಾಗಲೇ ಹಿರಿಯರ ದನಿ ಬದಲಾದದ್ದು.

ನಿನ್ನೆ ಸುಲ್ತಾನ್‌ಪೇಟೆ ಕಡೆಯಿಂದ ಅಜ್ಜಿಯ ಮೊಮ್ಮಗನ ಫೋನಿನಲ್ಲಿ ಕರೆ ಬಂತು. "ಮೇಷ್ಟ್ರಮ್ಮಾ, ನಿನ್ ಬೊಂಬಲ್ಲಿ ಕಪ್ಪೆ ಬಂದು ಕೂತದೆ. ತೆಗೆಯದಾ, ಇರ್ಲಾ?"

ಇರಲಿ ಅಂದೆ. ಶನಿವಾರ ಹೋಗಬೇಕು.